ಅನಾರ್ಕಲಿಯಾದ ರೂಬಿ ಮಾಯರ್ಸ್: ಮಾತಿಲ್ಲದ ತೆರೆಯ ರಾಣಿಯ ಕಥೆ

ಸುಲೋಚನಾ ಎಂದೊಡನೆ ಕನ್ನಡ ಚಿತ್ರರಂಗದ ಚರಿತ್ರೆ ಬಲ್ಲವರಿಗೆ ನೆನಪಾಗುವುದು 1934ರ ಮಾರ್ಚ್‌ನಲ್ಲಿ ಬಿಡುಗಡೆಯಾದ ‘ಸತಿ ಸುಲೋಚನಾ’. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ಅದು. ಆದರೆ ಅದಕ್ಕೂ ಎಂಟೊಂಬತ್ತು ವರ್ಷ ಮೊದಲೇ ಬೊಂಬಾಯಿಯ ಮೂಕಿ ಚಿತ್ರಗಳ ಪ್ರೇಕ್ಷಕರಿಗೆ ಸುಲೋಚನಾ ಎಂದರೆ ಪುರಾಣದ ಸತಿಯಲ್ಲ, ಕಾರು ಓಡಿಸುವ, ವೇಷ ಮರೆಸಿಕೊಂಡು ತಿರುಗುವ, ಟೆಲಿಫೋನ್ ಎತ್ತಿ ಮಾತಾಡುವ ಒಬ್ಬ ಹೊಸಕಾಲದ ಹೆಣ್ಣು. ಆಕೆಯ ನಿಜವಾದ ಹೆಸರು ರೂಬಿ ಮಾಯರ್ಸ್. ಹುಟ್ಟಿದ್ದು 1907ರಲ್ಲಿ, ಪುಣೆಯ ಒಂದು ಯಹೂದಿ ಕುಟುಂಬದಲ್ಲಿ.

ಯಹೂದಿ ಮನೆಯ ಹುಡುಗಿ, ಹಿಂದೂ ಹೆಸರು, ಆಕೆಗೆ ಕೀರ್ತಿ ತಂದದ್ದು ಮೊಗಲ್ ಅರಮನೆಯ ನರ್ತಕಿ ಅನಾರ್ಕಲಿಯ ಪಾತ್ರ. ಈ ಮೂರೂ ಒಂದೇ ಮುಖದಲ್ಲಿ ಬಂದು ಕೂಡಿದ್ದು ಆಕಸ್ಮಿಕವಲ್ಲ. ಭಾರತದ ಸಿನೆಮಾ ಯಾರ ಶ್ರಮದಿಂದ ಬೆಳೆಯಿತು, ಯಾರ ಹೆಸರನ್ನು ಇಟ್ಟುಕೊಂಡಿತು, ಯಾರ ಹೆಸರನ್ನು ಬದಿಗೆ ಸರಿಸಿತು ಎಂಬ ಪ್ರಶ್ನೆಗಳಿಗೆ ರೂಬಿಯ ಬದುಕಿನಲ್ಲಿ ಉತ್ತರಗಳಿವೆ. ಇಂದು ಸುಲೋಚನಾ ಎಂದರೆ ಅನೇಕರು ಮರಾಠಿ, ಹಿಂದಿ ಚಿತ್ರಗಳಲ್ಲಿ ತಾಯಿಯ ಪಾತ್ರಗಳಿಂದ ಮನೆಮಾತಾದ, 2023ರಲ್ಲಿ ನಿಧನರಾದ ಸುಲೋಚನಾ ಲಾಟ್ಕರ್ ಅವರೆಂದೇ ತಿಳಿಯುತ್ತಾರೆ. ಮೊದಲಿನ ಸುಲೋಚನಾ ಯಾರೆಂದು ಕೇಳುವವರೇ ಕಡಿಮೆ. ಆದ್ದರಿಂದ ಈ ಕಥೆಯನ್ನು ನಾವು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಹೆಣ್ಣಿಲ್ಲದ ತೆರೆ

ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯಲು ಹೊರಟಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗಲಿಲ್ಲ. ವೇಶ್ಯೆಯರ ಬಳಿಗೆ ಹೋಗಿ ಕೇಳಿದರೂ ಅವರೂ ಒಲ್ಲೆವೆಂದರು. ಕ್ಯಾಮರಾದ ಮುಂದೆ ನಿಲ್ಲುವುದು ಅವರ ಕಣ್ಣಿಗೂ ಅಷ್ಟು ಕೀಳಾಗಿ ಕಂಡಿತ್ತು. ಕೊನೆಗೆ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಿ ತಾರಾಮತಿಯನ್ನಾಗಿ ಮಾಡಲಾಯಿತು. ಇದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಆದರು, ಸೀತೆಯೂ ಆದರು. 1913ರಲ್ಲೇ ಫಾಲ್ಕೆಯವರ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದ್ದುಂಟು. ಆದರೆ ಅವರ ಹಿಂದೆ ಹೆಂಗಸರ ಸಾಲೇನೂ ಬರಲಿಲ್ಲ. ‘ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು’ ಸಿನೆಮಾದ ಕಡೆ ತಲೆಹಾಕಬಾರದು ಎಂಬ ಮಾತು ಹಿಂದೂ ಮುಸ್ಲಿಂ ಭೇದವಿಲ್ಲದೆ ಎಲ್ಲ ಮನೆಗಳಲ್ಲೂ ಇತ್ತು.

ಈ ಖಾಲಿ ಜಾಗವನ್ನು ತುಂಬಿದವರು ಅಂಚಿನ ಸಮುದಾಯಗಳ ಹೆಣ್ಣುಮಕ್ಕಳು. ಕಲ್ಕತ್ತದ ಮದನ್ ಕಂಪನಿಯಲ್ಲಿ ಆಂಗ್ಲೋ-ಇಂಡಿಯನ್ ಹುಡುಗಿ ಪೇಶನ್ಸ್ ಕೂಪರ್ ತಾರೆಯಾದರು. ರೆನೆ ಸ್ಮಿತ್ ಎಂಬ ಇನ್ನೊಬ್ಬ ಆಂಗ್ಲೋ-ಇಂಡಿಯನ್ ಹುಡುಗಿ ಸೀತಾದೇವಿಯಾಗಿ, 1925ರ ‘ಪ್ರೇಮ ಸನ್ಯಾಸ’ದಲ್ಲಿ ಬುದ್ಧನ ಪತ್ನಿ ಗೋಪೆಯಾದರು. ಎಫಿ ಹಿಪೊಲೆಟ್ ಇಂದಿರಾದೇವಿಯಾದರು. ಯಹೂದಿಗಳಾದ ಎಸ್ತರ್ ಅಬ್ರಹಾಂ ಪ್ರಮೀಳಾ ಆದರೆ, ಸುಸಾನ್ ಸಾಲೊಮನ್ ಫಿರೋಜಾ ಬೇಗಂ ಎಂಬ ಹೆಸರಿಟ್ಟುಕೊಂಡರು. ಮುಸ್ಲಿಂ ಹೆಣ್ಣುಮಕ್ಕಳೂ ಇದ್ದರು. ನಾಟಕ ರಂಗದಿಂದ ಬಂದ ಫಾತ್ಮಾ ಬೇಗಂ 1922ರಲ್ಲಿ ಚಿತ್ರರಂಗಕ್ಕೆ ಕಾಲಿಟ್ಟು, ತಮ್ಮದೇ ಕಂಪನಿ ಕಟ್ಟಿ, 1926ರಲ್ಲಿ ‘ಬುಲ್‌ಬುಲ್-ಎ-ಪರಿಸ್ತಾನ್’ ಚಿತ್ರವನ್ನು ನಿರ್ದೇಶಿಸಿದರು. ಭಾರತದಲ್ಲಿ ಚಿತ್ರ ನಿರ್ದೇಶಿಸಿದ ಮೊದಲ ಮಹಿಳೆ ಅವರು. ಅವರ ಮೂವರು ಹೆಣ್ಣುಮಕ್ಕಳು ಜುಬೇದಾ, ಸುಲ್ತಾನಾ, ಶಹಜಾದಿ ಮೂವರೂ ನಟಿಯರಾದರು.

ಬಹುಸಂಖ್ಯಾತ ಸಮಾಜ ಮಾಡಲೊಲ್ಲದ, ಆದರೆ ನೋಡಲು ಮುಗಿಬೀಳುತ್ತಿದ್ದ ಕೆಲಸವನ್ನು ಇವರೆಲ್ಲ ಮಾಡಿದರು. ನೋಡುವವರಿಗೆ ದಕ್ಕಿದ್ದು ಮನರಂಜನೆ, ಮಾಡುವವರ ಪಾಲಿಗೆ ಬಂದದ್ದು ಹಣದ ಜೊತೆಗೆ ಅಪವಾದ. ಈ ಲೆಕ್ಕವನ್ನು ಮರೆತರೆ ರೂಬಿಯ ಕಥೆ ಅರ್ಥವಾಗುವುದಿಲ್ಲ.

ಟೆಲಿಫೋನ್ ಹುಡುಗಿ

ರೂಬಿ ಹುಟ್ಟಿದ್ದು ಬಗ್ದಾದಿ ಯಹೂದಿಗಳ ಸಮುದಾಯದಲ್ಲಿ. ಹೆಸರೇ ಹೇಳುವಂತೆ ಇವರ ಪೂರ್ವಿಕರು ಬಗ್ದಾದ್, ಬಸ್ರಾ, ಅಲೆಪ್ಪೊ ಮುಂತಾದ ಊರುಗಳಿಂದ ವ್ಯಾಪಾರಕ್ಕೆಂದು ಬಂದವರು. ಶತಮಾನಗಳ ಕಾಲ ಮುಸ್ಲಿಮರ ನೆರೆಯಲ್ಲಿ ಬಾಳಿ, ಅರಬಿಯನ್ನೇ ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದ ಜನ. 1832ರಲ್ಲಿ ಬೊಂಬಾಯಿಗೆ ಬಂದು ನೆಲೆಸಿದ ಡೇವಿಡ್ ಸಸೂನ್ ಇವರಲ್ಲಿ ಹೆಸರಾಂತ ವರ್ತಕ. ಪುಣೆಯಲ್ಲಿ ಅವನು ಕಟ್ಟಿಸಿದ ಕೆಂಪು ಇಟ್ಟಿಗೆಯ ಸಿನಗಾಗ್‌ಗೆ ಊರ ಜನ ಇಟ್ಟ ಹೆಸರು ‘ಲಾಲ್ ದೇವಲ್’. ಯಹೂದಿ ಪ್ರಾರ್ಥನಾ ಮಂದಿರಕ್ಕೆ ಮರಾಠಿಗರು ಹೀಗೆ ‘ಕೆಂಪು ಗುಡಿ’ ಎಂದು ಕರೆದು ತಮ್ಮದಾಗಿಸಿಕೊಂಡದ್ದು ಆ ಕಾಲದ ಬದುಕಿನ ರೀತಿಯನ್ನು ತೋರಿಸುತ್ತದೆ. ತಲೆಮಾರುಗಳು ಕಳೆದಂತೆ ಈ ಸಮುದಾಯದ ಮನೆಮಾತು ಇಂಗ್ಲಿಷ್ ಆಯಿತು. ಹೆಣ್ಣುಮಕ್ಕಳು ಶಾಲೆ ಕಲಿತು ಆಫೀಸುಗಳಲ್ಲಿ ದುಡಿಯತೊಡಗಿದರು.

ರೂಬಿ ಟೆಲಿಫೋನ್ ಆಪರೇಟರ್ ಆಗಿದ್ದಾಗ ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿಯವರ ಕಣ್ಣಿಗೆ ಬಿದ್ದರು. ಅಭಿನಯಿಸಲು ಕರೆದರೆ ರೂಬಿ ಒಪ್ಪಲಿಲ್ಲ. ಸಿನೆಮಾ ಹೆಣ್ಣುಮಕ್ಕಳಿಗೆ ತಕ್ಕ ಕೆಲಸವಲ್ಲ ಎಂಬ ಭಾವನೆ ಅವರ ಮನೆಯ ಹೊಸ್ತಿಲನ್ನೂ ದಾಟಿತ್ತು. ಭವನಾನಿ ಬಿಡಲಿಲ್ಲ. ಮತ್ತೆ ಮತ್ತೆ ಕೇಳಿ ಒಪ್ಪಿಸಿದರು. ನಟನೆಯ ಗಂಧಗಾಳಿ ಇಲ್ಲದ ಹುಡುಗಿ 1925ರಲ್ಲಿ ‘ವೀರ ಬಾಲಾ’ ಚಿತ್ರದಲ್ಲಿ ತೆರೆಯ ಮೇಲೆ ಬಂದರು. ರೂಬಿ ಮಾಯರ್ಸ್ ಸುಲೋಚನಾ ಆದರು. ಸುಲೋಚನಾ ಎಂದರೆ ಚೆಲುವಾದ ಕಣ್ಣುಳ್ಳವಳು. ಮಾತಿಲ್ಲದ ಚಿತ್ರಗಳಲ್ಲಿ ಕಣ್ಣೇ ಎಲ್ಲವನ್ನೂ ಹೇಳಬೇಕಾಗಿದ್ದುದರಿಂದ ಹೆಸರು ಸರಿಯಾಗಿಯೇ ಹೊಂದಿಕೊಂಡಿತು.

ಮರುವರ್ಷವೇ ‘ಸಿನೆಮಾ ರಾಣಿ’, ‘ಟೆಲಿಫೋನ್ ಹುಡುಗಿ’, ‘ಟೈಪಿಸ್ಟ್ ಹುಡುಗಿ’ ಚಿತ್ರಗಳು ಬಂದವು. ಈ ಹೆಸರುಗಳನ್ನು ನಾವು ಗಮನಿಸಬೇಕು. ಅದುವರೆಗೆ ತೆರೆಯ ಮೇಲಿನ ಹೆಣ್ಣು ಬಹುಮಟ್ಟಿಗೆ ಸೀತೆ, ದಮಯಂತಿ, ಸಾವಿತ್ರಿ. ಈಗ ಅದೇ ತೆರೆಯ ಮೇಲೆ ಸಂಬಳಕ್ಕೆ ದುಡಿಯುವ, ಒಬ್ಬಳೇ ಓಡಾಡುವ ನಗರದ ಹೆಣ್ಣು ಕಾಣಿಸಿಕೊಂಡಳು. ರೂಬಿಗೆ ಅದು ಕಲಿತು ಮಾಡಬೇಕಾದ ಪಾತ್ರವಾಗಿರಲಿಲ್ಲ. ಟೆಲಿಫೋನ್ ಹುಡುಗಿಯ ಕೆಲಸ ಅವರು ಮಾಡಿ ಬಿಟ್ಟುಬಂದ ಕೆಲಸವೇ ಆಗಿತ್ತು.

ಬಳಿಕ ಅವರು ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ ಬಂದರು. 1927ರಲ್ಲಿ ಭವನಾನಿ ನಿರ್ದೇಶಿಸಿದ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ರೂಬಿ ಎಂಟು ವೇಷಗಳಲ್ಲಿ ಕಾಣಿಸಿಕೊಂಡರು. ತೋಟಗಾರ, ಪೊಲೀಸ್, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಐರೋಪ್ಯ ಹೆಂಗಸು, ಎಲ್ಲವೂ ಒಬ್ಬರೇ. ಹದಿನಾಲ್ಕು ವರ್ಷ ಹಿಂದೆ ಹೆಣ್ಣು ಸಿಗದೆ ಗಂಡಿಗೆ ಸೀರೆ ಉಡಿಸಿದ್ದ ಸಿನೆಮಾದಲ್ಲಿ ಈಗ ಒಬ್ಬ ಹೆಣ್ಣು ಗಂಡಸಿನ ವೇಷ ತೊಟ್ಟು ಜನರನ್ನು ರಂಜಿಸುತ್ತಿದ್ದಳು. ಅದೇ ವರ್ಷ ರವೀಂದ್ರನಾಥ ಟಾಗೋರರ ನಾಟಕವನ್ನಾಧರಿಸಿದ ನವಲ್ ಗಾಂಧಿಯವರ ‘ಬಲಿದಾನ’ದಲ್ಲೂ ಅವರು ಅಭಿನಯಿಸಿದರು.

ಮೂಕಿ ಚಿತ್ರಗಳು ಓಡುತ್ತಿದ್ದ ಬಗೆಯನ್ನೂ ಇಲ್ಲಿ ನೆನೆಯಬೇಕು. ಚಿತ್ರದ ನಡುನಡುವೆ ಬರಹದ ಪಟ್ಟಿಗಳು ಬರುತ್ತಿದ್ದವು. ಇಂಗ್ಲಿಷ್, ಗುಜರಾತಿ, ಹಿಂದಿ, ಉರ್ದು ಹೀಗೆ ಎರಡು ಮೂರು ಲಿಪಿಗಳಲ್ಲಿ ಒಂದೇ ಮಾತು. ಓದು ಬಾರದವರಿಗೆ ಓದು ಬಲ್ಲವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ತೆರೆಯ ಬದಿಯಲ್ಲಿ ಹಾರ್ಮೋನಿಯಂ, ತಬಲಾ. ನಟಿ ಯಾವ ಭಾಷೆಯವಳು, ಯಾವ ಮತದವಳು ಎಂದು ಯಾರೂ ಕೇಳುವಂತಿರಲಿಲ್ಲ. ಆಕೆಯ ತುಟಿಗಳು ಅಲ್ಲಾಡಿದಾಗ ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ಭಾಷೆಯನ್ನೇ ಅಲ್ಲಿ ಕೇಳಿಸಿಕೊಳ್ಳುತ್ತಿದ್ದ. ಮೌನಕ್ಕೆ ಗಡಿಗಳಿರಲಿಲ್ಲ.

ಒಂದೇ ವರ್ಷ ಇಬ್ಬರು ಅನಾರ್ಕಲಿಯರು

ಅನಾರ್ಕಲಿ ಎಂದರೆ ದಾಳಿಂಬೆಯ ಮೊಗ್ಗು. ಅಕ್ಬರನ ಮಗ ಸಲೀಮನನ್ನು ಪ್ರೀತಿಸಿದ ತಪ್ಪಿಗೆ ಗೋಡೆಯೊಳಗೆ ಜೀವಂತ ಸಮಾಧಿಯಾದಳೆಂದು ಹೇಳಲಾಗುವ ನರ್ತಕಿ. ಇದು ಇತಿಹಾಸವೇ? ಅಬುಲ್ ಫಜಲನ ‘ಅಕ್ಬರ್‌ನಾಮಾ’ದಲ್ಲಿ ಅವಳಿಲ್ಲ. ಮುಂದೆ ಜಹಾಂಗೀರನಾದ ಸಲೀಮನ ಆತ್ಮಕಥೆಯಲ್ಲೂ ಅವಳ ಹೆಸರಿಲ್ಲ. 1611ರಲ್ಲಿ ಲಾಹೋರಿಗೆ ಬಂದಿದ್ದ ವಿಲಿಯಂ ಫಿಂಚ್ ಎಂಬ ಇಂಗ್ಲಿಷ್ ವರ್ತಕನ ಬರಹದಲ್ಲಿ ಆ ಕಥೆಯ ಸುಳಿವಿದೆ. ಲಾಹೋರಿನಲ್ಲಿ ಅವಳದೆನ್ನಲಾದ ಗೋರಿಯಿದೆ. ಅದು ಬ್ರಿಟಿಷರ ಕಾಲದಲ್ಲಿ ಕೆಲವು ಕಾಲ ಚರ್ಚೂ ಆಗಿತ್ತು, ಆಮೇಲೆ ಸರಕಾರದ ದಾಖಲೆಪತ್ರಗಳನ್ನು ಇಡುವ ಕಟ್ಟಡವಾಯಿತು. ಗೋರಿ, ಚರ್ಚು, ಕಡತಗಳ ಮನೆ, ಹೀಗೆ ಒಂದೇ ಕಟ್ಟಡ ಹಲವು ಅವತಾರ ತಾಳಿದಂತೆ ಅನಾರ್ಕಲಿಯ ಕಥೆಯೂ ಹೇಳುವವರ ಬಾಯಿಯಲ್ಲಿ ಬೇರೆ ಬೇರೆ ರೂಪ ಪಡೆಯಿತು. ಅದಕ್ಕೆ ಗಟ್ಟಿ ರೂಪ ಕೊಟ್ಟದ್ದು ಲಾಹೋರಿನ ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ಉರ್ದು ನಾಟಕ.

1928ರಲ್ಲಿ ಗ್ರೇಟ್ ಈಸ್ಟರ್ನ್ ಫಿಲ್ಮ್ ಕಾರ್ಪೊರೇಷನ್ ಈ ನಾಟಕವನ್ನು ದೊಡ್ಡ ಪ್ರಮಾಣದಲ್ಲಿ ಚಿತ್ರ ಮಾಡಲು ಹೊರಟಿತು. ಅನಾರ್ಕಲಿ ಪಾತ್ರಕ್ಕೆ ಸೀತಾದೇವಿ, ಅಂದರೆ ರೆನೆ ಸ್ಮಿತ್. ಸುದ್ದಿ ತಿಳಿದ ಇಂಪೀರಿಯಲ್ ಕಂಪನಿ ತಾನೂ ಅದೇ ಕಥೆಯನ್ನು ಕೈಗೆತ್ತಿಕೊಂಡಿತು. ಆರ್.ಎಸ್. ಚೌಧರಿ ನಿರ್ದೇಶಿಸಿದರು. ಸುಲೋಚನಾ ಅನಾರ್ಕಲಿ, ಪಾರ್ಸಿ ನಟ ದಿನ್ಶಾ ಬಿಲಿಮೋರಿಯಾ ಸಲೀಂ. ತರಾತುರಿಯಲ್ಲಿ ಮುಗಿಸಿ ಎದುರಾಳಿಗಿಂತ ಮೊದಲೇ ತೆರೆಗೆ ತಂದರು. ಜನ ಮುಗಿಬಿದ್ದದ್ದು ಇದಕ್ಕೇ. ಹಿಂದೆ ಬಂದ ಚಿತ್ರ ಸೋತಿತು.

ವ್ಯಾಪಾರದ ಈ ಪೈಪೋಟಿಯನ್ನು ಬದಿಗಿಟ್ಟು ನೋಡಿದರೆ ನಮಗೆ ಇನ್ನೊಂದು ಸಂಗತಿ ಕಾಣುತ್ತದೆ. ಒಂದೇ ವರ್ಷ ಇಬ್ಬರು ಅನಾರ್ಕಲಿಯರು. ಒಬ್ಬಳು ಆಂಗ್ಲೋ-ಇಂಡಿಯನ್, ಇನ್ನೊಬ್ಬಳು ಯಹೂದಿ. ಇಬ್ಬರದ್ದೂ ತೆರೆಯ ಮೇಲಿನ ಹೆಸರು ಹಿಂದೂ. ಪಾತ್ರ ಮಾತ್ರ ಮೊಗಲ್ ಅರಮನೆಯದು. ನಾಟಕ ಬರೆದವರು ಮುಸ್ಲಿಂ, ಚಿತ್ರ ತೆಗೆದವರಲ್ಲಿ ಪಾರ್ಸಿಗಳೂ ಇದ್ದರು, ಹಿಂದೂಗಳೂ ಇದ್ದರು. ಇದನ್ನು ‘ನಮ್ಮ ಕಥೆ’, ‘ನಿಮ್ಮ ಕಥೆ’ ಎಂದು ಗೆರೆ ಎಳೆದು ಹಂಚಿಕೊಳ್ಳಲು ಸಾಧ್ಯವೇ? ಆ ಕಾಲದಲ್ಲಿ ಯಾರೂ ಹಾಗೆ ಹಂಚಿಕೊಳ್ಳಲು ಹೋದಂತೆಯೂ ಕಾಣುವುದಿಲ್ಲ. ಗೋಡೆಯೊಳಗೆ ಹೂತುಹೋದ ಹೆಣ್ಣಿಗಾಗಿ ಎಲ್ಲರೂ ಕಣ್ಣೀರು ಹಾಕಿದರು, ಟಿಕೇಟಿನ ಹಣವನ್ನೂ ಕೊಟ್ಟರು.

ಆದರೆ ಇದರಲ್ಲಿ ಸೌಹಾರ್ದವನ್ನಷ್ಟೇ ಕಂಡರೆ ಸಾಲದು. ರೂಬಿ, ರೆನೆ ಎಂಬ ಹೆಸರುಗಳನ್ನು ಬಿಟ್ಟು ಬರದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಮುಖ ಬೇಕಿತ್ತು, ಹೆಸರು ಬೇಡವಾಗಿತ್ತು. ಈ ರೂಢಿ ಮುಂದೆಯೂ ನಿಲ್ಲಲಿಲ್ಲ. ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು, ಮಹಜಬೀನ್ ಬಾನೊ ಮೀನಾಕುಮಾರಿ ಆದರು, ಮುಮ್ತಾಜ್ ಜಹಾನ್ ಬೇಗಂ ಮಧುಬಾಲಾ ಆದರು. 1960ರ ‘ಮೊಗಲ್-ಎ-ಆಜಂ’ನಲ್ಲಿ ಅನಾರ್ಕಲಿಯಾದವರು ಈ ಮಧುಬಾಲಾ. ಮುಸ್ಲಿಂ ಹುಡುಗಿಯೊಬ್ಬಳು ಮುಸ್ಲಿಂ ಪಾತ್ರವನ್ನು ಮಾಡುವಾಗಲೂ ಜಾಹೀರಾತಿನಲ್ಲಿದ್ದದ್ದು ಹಿಂದೂ ಹೆಸರು.

ತೆರೆಗೆ ಮಾತು ಬಂದಾಗ

1930ರ ಹೊತ್ತಿಗೆ ಸುಲೋಚನಾ ಇಂಪೀರಿಯಲ್ ಕಂಪನಿಯ ಅತಿ ದೊಡ್ಡ ತಾರೆ. 1928ರ ‘ಮಾಧುರಿ’ ಚಿತ್ರದಲ್ಲಿ ಅವರ ನೃತ್ಯ ಎಷ್ಟು ಜನಪ್ರಿಯವಾಗಿತ್ತೆಂದರೆ, ಗಾಂಧೀಜಿ ಖಾದಿ ಪ್ರದರ್ಶನವೊಂದನ್ನು ಉದ್ಘಾಟಿಸುವ ಕಿರುಚಿತ್ರವನ್ನು ತೋರಿಸಿದಾಗ ಅದರ ಜೊತೆಗೆ ಈ ನೃತ್ಯಕ್ಕೆ ಧ್ವನಿ ಕೂಡಿಸಿ ತೋರಿಸಲಾಯಿತು ಎಂದು ಚಿತ್ರ ಇತಿಹಾಸಕಾರರು ದಾಖಲಿಸಿದ್ದಾರೆ. ಒಂದೇ ಆಟದಲ್ಲಿ ಚರಕದ ಸಂತನೂ ತೆರೆಯ ರಾಣಿಯೂ!

ಹೀಗೆ ಮೊದಮೊದಲು ಆಟಿಕೆಯಂತೆ ಬಂದ ಧ್ವನಿ ಬಲುಬೇಗ ಯಜಮಾನಿಕೆ ವಹಿಸಿಕೊಂಡಿತು. 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆಕಂಡಿತು. ತೆಗೆದದ್ದು ಇದೇ ಇಂಪೀರಿಯಲ್ ಕಂಪನಿ, ನಿರ್ದೇಶಕರು ಅರ್ದೇಶಿರ್ ಇರಾನಿಯವರೇ. ಸ್ಟುಡಿಯೋದ ಬಳಿಯೇ ರೈಲು ಹಳಿ ಇದ್ದುದರಿಂದ ರೈಲುಗಳ ಸದ್ದಡಗಿದ ಮೇಲೆ ರಾತ್ರಿ ಹೊತ್ತು ಚಿತ್ರೀಕರಣ ನಡೆಯುತ್ತಿತ್ತು. ಆಧಾರ ಜೋಸೆಫ್ ಡೇವಿಡ್ ಎಂಬ ಯಹೂದಿ ನಾಟಕಕಾರರು ಪಾರ್ಸಿ ರಂಗಭೂಮಿಗೆ ಬರೆದ ನಾಟಕ. ಫಕೀರನ ಪಾತ್ರದಲ್ಲಿ ಮೊದಲ ಹಾಡು ಹಾಡಿದವರು ವಜೀರ್ ಮೊಹಮ್ಮದ್ ಖಾನ್. ನಾಯಕಿ ಮಾತ್ರ ಸುಲೋಚನಾ ಅಲ್ಲ. ಫಾತ್ಮಾ ಬೇಗಂ ಅವರ ಮಗಳು ಜುಬೇದಾ.

ಕಾರಣ ಸರಳ. ಆಡುವ ಚಿತ್ರಕ್ಕೆ ಹಿಂದೂಸ್ತಾನಿ ಬೇಕಿತ್ತು. ಇಂಗ್ಲಿಷ್ ಮನೆಮಾತಿನ ರೂಬಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ. ಪಾರ್ಸಿ ನಾಟಕಗಳಿಂದ ಬಂದ ಆ ಭಾಷೆ ಉರ್ದುವಿನ ಸೊಗಸನ್ನು ಹೊತ್ತಿತ್ತು. ಅದನ್ನು ಆಡುವವರ ‘ಶೀನ್-ಕಾಫ್’ ಸರಿಯಿರಬೇಕು ಎಂದು ಉರ್ದು ಮನೆಮಾತಿನವರು ಇಂದಿಗೂ ಹೇಳುತ್ತಾರೆ. ಕಣ್ಣಿನಲ್ಲಿ ಎಷ್ಟೇ ಮಾತಾಡಿದರೂ ನಾಲಿಗೆ ತಡವರಿಸಿದರೆ ಟಾಕಿಯಲ್ಲಿ ಅದು ಎದ್ದು ಕಾಣುತ್ತಿತ್ತು. ‘ಆಲಂ ಆರಾ’ದ ನಾಯಕ ಮಾಸ್ಟರ್ ವಿಠಲ್ ಸಹ ಮೂಕಿ ಚಿತ್ರಗಳ ಸಾಹಸಿ. ಹಳೆಯ ಕಂಪನಿ ಹೂಡಿದ ದಾವೆಯಲ್ಲಿ ಅವರ ಪರವಾಗಿ ವಾದಿಸಿ ಗೆಲ್ಲಿಸಿದವರು ಬೇರೆ ಯಾರೂ ಅಲ್ಲ, ಬ್ಯಾರಿಸ್ಟರ್ ಮೊಹಮ್ಮದ್ ಅಲಿ ಜಿನ್ನಾ. ಮೊಕದ್ದಮೆ ಗೆದ್ದರೂ ವಿಠಲ್ ಅವರ ಮಾತಿನ ತೊಡಕು ಹೋಗಲಿಲ್ಲ. ಚಿತ್ರದ ಬಹುಭಾಗದಲ್ಲಿ ಅವರನ್ನು ಮಂಪರಿನಲ್ಲಿರುವವನಂತೆ ತೋರಿಸಿ ನಿಭಾಯಿಸಲಾಯಿತು.

ಟಾಕಿ ಕೆಲವರಿಗೆ ಬಾಗಿಲು ಮುಚ್ಚಿತು, ಕೆಲವರಿಗೆ ತೆರೆಯಿತು. ಹಾಡು ಮತ್ತು ಭಾಷೆಯನ್ನು ಮನೆತನದ ವಿದ್ಯೆಯಾಗಿ ಉಳಿಸಿಕೊಂಡು ಬಂದಿದ್ದ ಜದ್ದನ್‌ಬಾಯಿಯಂಥ ಗಾಯಕಿಯರು ಈಗ ಚಿತ್ರರಂಗಕ್ಕೆ ಬಂದರು. ಅವರ ಮಗಳೇ ಮುಂದೆ ನರ್ಗಿಸ್. ರೂಬಿಯಂಥವರ ಮುಂದೆ ಉಳಿದದ್ದು ಎರಡೇ ದಾರಿ. ಮನೆಗೆ ಹೋಗುವುದು, ಇಲ್ಲವೇ ಕಲಿಯುವುದು.

ರೂಬಿ ಕಲಿತರು. ಒಂದು ವರ್ಷದ ಮಟ್ಟಿಗೆ ನಟನೆಯಿಂದ ದೂರ ನಿಂತು ಹಿಂದೂಸ್ತಾನಿಯನ್ನು ಅಭ್ಯಾಸ ಮಾಡಿದರು. ದೇಶದಲ್ಲೇ ದೊಡ್ಡ ತಾರೆಯೆನಿಸಿದ್ದ ಹೆಣ್ಣೊಬ್ಬಳು ಇಪ್ಪತ್ನಾಲ್ಕರ ಪ್ರಾಯದಲ್ಲಿ ಅಕ್ಷರ ಮೊದಲಾಗಿ ಉಚ್ಚಾರ ತಿದ್ದಿಕೊಳ್ಳಲು ಕುಳಿತದ್ದು ಸಣ್ಣ ಮಾತಲ್ಲ. ಆಕೆಯ ಚೆಲುವಿನ ಬಗ್ಗೆ ಬರೆದವರು ಬಹಳ, ಈ ಪರಿಶ್ರಮದ ಬಗ್ಗೆ ಬರೆದವರು ಕಡಿಮೆ. 1932ರಲ್ಲಿ ‘ಮಾಧುರಿ’ಯ ವಾಕ್ಚಿತ್ರ ರೂಪದೊಂದಿಗೆ ಅವರು ಮರಳಿ ಬಂದರು, ಗೆದ್ದರು. ಆಮೇಲೆ ತಮ್ಮ ಮೂಕಿ ಚಿತ್ರಗಳನ್ನೇ ಒಂದೊಂದಾಗಿ ಮಾತಿಗೆ ತಂದರು. ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು. 1935ರಲ್ಲಿ ಮತ್ತೆ ‘ಅನಾರ್ಕಲಿ’, ಮತ್ತೆ ಚೌಧರಿಯವರದೇ ನಿರ್ದೇಶನ, ಮತ್ತೆ ಬಿಲಿಮೋರಿಯಾ ಸಲೀಂ. 1936ರಲ್ಲಿ ‘ವೈಲ್ಡ್‌ಕ್ಯಾಟ್’ ಚಿತ್ರವೇ ‘ಬಂಬಯಿ ಕಿ ಬಿಲ್ಲಿ’ಯಾಗಿ ಬಂತು.

ಅವರ ಸಂಬಳ ತಿಂಗಳಿಗೆ 5000 ರೂಪಾಯಿಗೆ ಏರಿತ್ತು. ಬೊಂಬಾಯಿ ಗವರ್ನರನ ಸಂಬಳಕ್ಕಿಂತ ಹೆಚ್ಚು ಎಂದು ಜನ ಆಡಿಕೊಳ್ಳುತ್ತಿದ್ದರು. ಲೆಕ್ಕ ಸರಿಯೋ ತಪ್ಪೋ, ಬಿಳಿಯ ದೊರೆಗಿಂತ ನಮ್ಮ ನಟಿ ದೊಡ್ಡವಳು ಎಂದು ಹೇಳಿಕೊಳ್ಳುವುದರಲ್ಲಿ ಆ ಕಾಲದ ಜನರಿಗೊಂದು ಸಮಾಧಾನವಿತ್ತು. ಇದೇ ಸುಮಾರಿಗೆ ರೂಬಿ ‘ರೂಬಿ ಪಿಕ್ಸ್’ ಎಂಬ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಹತ್ತು ವರ್ಷ ಸುಲೋಚನಾ ಹೆಸರಿನಲ್ಲಿ ದುಡಿದವರು ತಮ್ಮ ಸ್ವಂತದ್ದೆಂದು ಒಂದನ್ನು ಕಟ್ಟಿದಾಗ ಅದಕ್ಕೆ ಇಟ್ಟದ್ದು ತಂದೆತಾಯಿ ಕೊಟ್ಟ ಹೆಸರು.

ಮರ್ಯಾದೆಯ ಪ್ರಶ್ನೆ

ಇಲ್ಲಿ ನಮ್ಮ ನಾಡಿಗೆ ತಾಗುವ ಒಂದು ಎಳೆಯಿದೆ. ರೂಬಿಯನ್ನು ಚಿತ್ರರಂಗಕ್ಕೆ ತಂದ ಅದೇ ಮೋಹನ್ ಭವನಾನಿ 1931ರಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂಬ ಮೂಕಿ ಚಿತ್ರವಾಗಿ ತೆಗೆದರು. ಅದರಲ್ಲಿ ಕನ್ನಡದ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು. ವಸಂತಸೇನೆಯಾದವರು ಮುಂದೆ ಭವನಾನಿಯವರನ್ನು ಮದುವೆಯಾದ ಏಣಾಕ್ಷಿ ರಾಮರಾವ್. ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಕಮಲಾದೇವಿಯಂಥವರು ಮೂಕಿ ಚಿತ್ರದಲ್ಲಿ ಅಭಿನಯಿಸಿದ್ದು ಆಗಿನ ಕಾಲಕ್ಕೆ ದಿಟ್ಟ ಹೆಜ್ಜೆ. ಅದೇ ಸುಮಾರಿಗೆ ಮಹಾರಾಷ್ಟ್ರದ ಬ್ರಾಹ್ಮಣ ಮನೆತನದ ದುರ್ಗಾ ಖೋಟೆ ಬಂದರು, ಬಳಿಕ ದೇವಿಕಾ ರಾಣಿ ಬಂದರು. ‘ಇನ್ನು ಮುಂದೆ ಒಳ್ಳೆಯ ಮನೆತನದ ಹೆಣ್ಣುಮಕ್ಕಳೂ ಸಿನೆಮಾಕ್ಕೆ ಬರಬಹುದು’ ಎಂದು ಪತ್ರಿಕೆಗಳು ಮೆಚ್ಚಿ ಬರೆದವು.

ಈ ಮಹಿಳೆಯರ ದಿಟ್ಟತನವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಮೆಚ್ಚುಗೆಯ ಮಾತಿನೊಳಗೆ ಒಂದು ಮುಳ್ಳಿದೆ. ಇವರು ಬಂದ ಮೇಲೆ ಸಿನೆಮಾಕ್ಕೆ ಮರ್ಯಾದೆ ಬಂತು ಎಂದರೆ, ಮೊದಲೇ ಇದ್ದ ಪೇಶನ್ಸ್, ರೆನೆ, ರೂಬಿ, ಫಾತ್ಮಾ, ಜುಬೇದಾ ಮರ್ಯಾದೆ ಇಲ್ಲದವರು ಎಂದ ಹಾಗಾಯಿತು. ಕಲ್ಲುಮುಳ್ಳಿನ ದಾರಿ ಸವೆಸಿದವರು ಇವರು. ದಾರಿ ಸಾಪಾಗಿ ಸಾರೋಟು ಬಂದ ದಿನವನ್ನೇ ಚರಿತ್ರೆ ಮೊದಲ ದಿನ ಎಂದು ಬರೆದುಕೊಂಡಿತು. ‘ಒಳ್ಳೆಯ ಮನೆತನ’ ಎಂಬ ಈ ಮಾತನ್ನು ಯಾರು ಯಾರ ಮೇಲೆ ಪ್ರಯೋಗಿಸುತ್ತಾರೆ ಎಂದು ಕೇಳದೆ ಹೆಣ್ಣಿನ ಚರಿತ್ರೆಯನ್ನು ಬರೆಯಲಾಗದು. ಇದು ಸಿನೆಮಾಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮನೆಯ ಹೊರಗೆ ದುಡಿಯಲು ಹೋದ ಮೊದಲ ನರ್ಸು, ಮೊದಲ ಟೀಚರು, ಮೊದಲ ಬೀಡಿ ಕಾರ್ಮಿಕಳು, ಎಲ್ಲರೂ ಈ ಮಾತಿನ ಏಟನ್ನು ತಿಂದವರೇ.

ಜೋಧಾಬಾಯಿಯ ವೇಷ

1930ರ ದಶಕ ಮುಗಿಯುವ ಹೊತ್ತಿಗೆ ರೂಬಿಯ ಕಾಲವೂ ಇಳಿಯತೊಡಗಿತು. ಇಂಪೀರಿಯಲ್ ಕಂಪನಿ ಮುಚ್ಚಿತು. ಬಿಲಿಮೋರಿಯಾ ಜೊತೆಗಿನ ಜೋಡಿಯೂ ಮುರಿಯಿತು. ಹೊಸ ಮುಖಗಳು, ಹೊಸ ಕಂಠಗಳು ಬಂದವು. ಕಥೆ ನಿಂತಿದ್ದೇ ತನ್ನ ಮೇಲೆ ಎಂಬಂತಿದ್ದ ನಟಿ ಚಿಕ್ಕಪುಟ್ಟ ಪಾತ್ರಗಳಿಗೆ ಸರಿಯಬೇಕಾಯಿತು.

ಅದೇ ಕಾಲಕ್ಕೆ ಅವರ ಸಮುದಾಯವೂ ಕರಗುತ್ತಿತ್ತು. 1947ರ ನಂತರ, ಇಸ್ರೇಲ್ ಸ್ಥಾಪನೆಯಾದ ಮೇಲಂತೂ, ಭಾರತದ ಯಹೂದಿಗಳು ಹಡಗು ಹತ್ತಿ ಹೊರಟರು. ಬಗ್ದಾದಿ ಯಹೂದಿಗಳಲ್ಲಿ ಬಹುಪಾಲು ಜನ ಇಂಗ್ಲೆಂಡ್, ಆಸ್ಟ್ರೇಲಿಯಾ, ಇಸ್ರೇಲುಗಳಿಗೆ ವಲಸೆ ಹೋದರು. ರೂಬಿ ಹೋಗಲಿಲ್ಲ. 1947ರಲ್ಲಿ ಭಾರತ ಸುಂದರಿಯಾಗಿ ಆಯ್ಕೆಯಾಗಿದ್ದ ಪ್ರಮೀಳಾ, ಅಂದರೆ ಎಸ್ತರ್ ಅಬ್ರಹಾಂ ಸಹ ಇಲ್ಲೇ ಉಳಿದರು. ಅವರ ಗಂಡ, ಕುಮಾರ್ ಎಂಬ ಹೆಸರಿನಲ್ಲಿ ನಟಿಸುತ್ತಿದ್ದ ಸಯ್ಯದ್ ಹಸನ್ ಅಲಿ ಜೈದಿ, ಪಾಕಿಸ್ತಾನಕ್ಕೆ ಹೊರಟಾಗಲೂ ಅವರು ಕದಲಲಿಲ್ಲ. ದೇಶ ಯಾವುದು, ಮನೆ ಯಾವುದು ಎಂದು ಹೊರಗಿನವರು ತೀರ್ಮಾನ ಕೊಡುತ್ತಿದ್ದ ದಿನಗಳಲ್ಲಿ ಈ ಹೆಣ್ಣುಮಕ್ಕಳು ಭಾಷಣ ಮಾಡದೆ ತಮ್ಮ ಉತ್ತರವನ್ನು ಕೊಟ್ಟಿದ್ದರು.

1953ರಲ್ಲಿ ಫಿಲ್ಮಿಸ್ತಾನ್ ಸಂಸ್ಥೆ ಮತ್ತೊಮ್ಮೆ ‘ಅನಾರ್ಕಲಿ’ಯನ್ನು ತೆಗೆಯಿತು. ನಿರ್ದೇಶಕರು ನಂದಲಾಲ್ ಜಸ್ವಂತಲಾಲ್. ‘ಇಂದಿರಾ ಎಂ.ಎ.’ಯಲ್ಲಿ ರೂಬಿಯನ್ನು ನಿರ್ದೇಶಿಸಿದ್ದವರೂ ಅವರೇ. ಅನಾರ್ಕಲಿಯಾಗಿ ಬೀನಾ ರಾಯ್, ಸಲೀಮನಾಗಿ ಪ್ರದೀಪ್ ಕುಮಾರ್. ಸಿ. ರಾಮಚಂದ್ರ ಅವರ ಸಂಗೀತದ ಆ ಹಾಡುಗಳನ್ನು ಹಳಬರು ಇಂದಿಗೂ ಗುನುಗುತ್ತಾರೆ. ಆ ಚಿತ್ರದಲ್ಲಿ ರೂಬಿ ಸಲೀಮನ ತಾಯಿ ಜೋಧಾಬಾಯಿ. ಇಪ್ಪತ್ತೈದು ವರ್ಷದ ಹಿಂದೆ ಮಾತಿಲ್ಲದೆ ಅನಾರ್ಕಲಿಯಾದವರು, ಹದಿನೆಂಟು ವರ್ಷದ ಹಿಂದೆ ಮಾತು ಕಲಿತು ಅನಾರ್ಕಲಿಯಾದವರು, ಈಗ ಅನಾರ್ಕಲಿಯನ್ನು ಪ್ರೀತಿಸಿದವನ ಅಮ್ಮ. ಗಂಡು ತಾರೆಯರು ಐವತ್ತು ದಾಟಿದರೂ ಕಾಲೇಜು ಹುಡುಗರಾಗಬಲ್ಲ ಚಿತ್ರರಂಗದಲ್ಲಿ ಹೆಣ್ಣಿಗೆ ನಲವತ್ತಾರಕ್ಕೆ ರಾಜಮಾತೆಯ ಪೀಠ. ಅದನ್ನೂ ಅವರು ಬೇಡವೆನ್ನಲಿಲ್ಲ. ತಾಯಿ, ಅಜ್ಜಿ, ಆಂಟಿ, ಸಿಕ್ಕ ಪಾತ್ರಗಳನ್ನು ಮಾಡಿಕೊಂಡು ದುಡಿಯುತ್ತಲೇ ಹೋದರು. 1970ರಲ್ಲಿ ಮರ್ಚೆಂಟ್-ಐವರಿ ಜೋಡಿಯ ‘ಬಾಂಬೆ ಟಾಕಿ’ಯಲ್ಲೂ ಕಾಣಿಸಿಕೊಂಡರು.

1973ರ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ರೂಬಿ ಮಾಯರ್ಸ್ ಅವರಿಗೆ ಬಂತು. ದೇವಿಕಾ ರಾಣಿ, ಬಿ.ಎನ್. ಸರ್ಕಾರ್, ಪೃಥ್ವಿರಾಜ್ ಕಪೂರ್, ಪಂಕಜ್ ಮಲ್ಲಿಕ್ ಅವರ ನಂತರ ಈ ಗೌರವ ಪಡೆದ ಐದನೆಯವರು. ಮುಂದೆ 1995ರ ಸಾಲಿಗೆ ನಮ್ಮ ಡಾ. ರಾಜ್‌ಕುಮಾರ್ ಪಡೆದದ್ದು ಇದೇ ಪ್ರಶಸ್ತಿಯನ್ನು. ಹೆಣ್ಣು ಸಿಗದೆ ಗಂಡಿಗೆ ಸೀರೆ ಉಡಿಸಿದ ಫಾಲ್ಕೆಯವರ ಹೆಸರಿನ ಪ್ರಶಸ್ತಿ, ಆ ಕೊರತೆಯನ್ನು ತುಂಬಿದ ಹೆಣ್ಣಿಗೆ ಸಂದದ್ದು ನ್ಯಾಯವೇ. 1983ರ ಅಕ್ಟೋಬರಿನಲ್ಲಿ ರೂಬಿ ಬೊಂಬಾಯಿಯಲ್ಲಿ ತೀರಿಕೊಂಡರು.

ಉಳಿದದ್ದೇನು?

ಇಷ್ಟೆಲ್ಲ ಕೇಳಿದ ಮೇಲೆ ಅವರ ಮೂಕಿ ಚಿತ್ರಗಳನ್ನೊಮ್ಮೆ ನೋಡಬೇಕು ಎಂದು ಯಾರಿಗಾದರೂ ಅನಿಸಿದರೆ ಅದು ಆಗದ ಮಾತು. 1913ರಿಂದ 1930ರ ದಶಕದ ಮೊದಲ ವರ್ಷಗಳವರೆಗೆ ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು 1300ಕ್ಕೂ ಹೆಚ್ಚು. ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು ಮೂವತ್ತರ ಆಸುಪಾಸು. ಆ ಕಾಲದ ಫಿಲ್ಮು ಬೇಗ ಬೆಂಕಿ ಹಿಡಿಯುವ ನೈಟ್ರೇಟಿನದು. ಅದರಲ್ಲಿದ್ದ ಅಷ್ಟಿಷ್ಟು ಬೆಳ್ಳಿಗಾಗಿ ಕರಗಿಸಿ ಮಾರಿದವರೂ ಉಂಟು. ಟಾಕಿ ಬಂದ ಮೇಲೆ ಮೂಕಿಗೆ ಬೆಲೆ ಇರಲಿಲ್ಲ. ‘ಆಲಂ ಆರಾ’ದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ರೂಬಿ ಹುಟ್ಟಿದ ಅದೇ ಪುಣೆಯಲ್ಲಿ. ಪಿ.ಕೆ. ನಾಯರ್ ಅವರಂಥವರು ಊರೂರು ಅಲೆದು ರೀಲು ಕೂಡಿಸಿದರು. ಆದರೂ 2003ರಲ್ಲಿ ಪುಣೆಯಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಹಳೆಯ ನೈಟ್ರೇಟ್ ಫಿಲ್ಮುಗಳು ಸುಟ್ಟುಹೋದವು. ಅನಾರ್ಕಲಿಯನ್ನು ಗೋಡೆಯಲ್ಲಿ ಹೂತರೋ ಇಲ್ಲವೋ ಇತಿಹಾಸಕ್ಕೆ ಗೊತ್ತಿಲ್ಲ. ಅವಳ ಪಾತ್ರ ಮಾಡಿದವರ ಚಿತ್ರಗಳು ಮಾತ್ರ ನಮ್ಮ ಕಣ್ಣೆದುರೇ ಹೂತುಹೋದವು.

ಒಂದು ಸಮಾಜ ಯಾವುದನ್ನು ಜೋಪಾನ ಮಾಡುತ್ತದೆ, ಯಾವುದನ್ನು ಗುಜರಿಗೆ ಹಾಕುತ್ತದೆ ಎಂಬುದರಲ್ಲಿ ಅದರ ಮನಸ್ಸು ತಿಳಿಯುತ್ತದೆ. ಇಂದು ಸಿನೆಮಾ ಯಾರದ್ದು, ಇತಿಹಾಸ ಯಾರದ್ದು, ಮೊಗಲರ ಕಥೆ ಯಾರು ಹೇಳಬೇಕು, ಯಾರು ಯಾವ ಪಾತ್ರ ಮಾಡಬಾರದು ಎಂದು ಗದ್ದಲಗಳಾಗುತ್ತಿವೆ. ಪಾತ್ರಧಾರಿಯ ಹೆಸರು ನೋಡಿ ಮತ ಹುಡುಕುವವರು ಹೆಚ್ಚುತ್ತಿದ್ದಾರೆ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಹೆಸರು ನೋಡಿ ಹುಡುಕಿದರೆ ನಮ್ಮ ಸಿನೆಮಾದ ತಳಪಾಯದಲ್ಲಿ ಅವರಿಗೆ ಯಾವ ಮತವೂ ಸರಿಯಾಗಿ ಕೈಗೆ ಸಿಗುವುದಿಲ್ಲ. ಅಲ್ಲಿ ಸುಲೋಚನಾ ಎಂದರೆ ರೂಬಿ, ಸೀತಾದೇವಿ ಎಂದರೆ ರೆನೆ, ಫಿರೋಜಾ ಬೇಗಂ ಎಂದರೆ ಸುಸಾನ್. ಪಾರ್ಸಿಯ ಹಣ, ಯಹೂದಿಯ ನಾಟಕ, ಫಕೀರನ ಹಾಡು, ಮುಸ್ಲಿಂ ನಾಯಕಿ, ಮರಾಠಿ ನಾಯಕ ಸೇರಿ ನಮ್ಮ ಮೊದಲ ವಾಕ್ಚಿತ್ರವಾಯಿತು.

ರೂಬಿಯ ಚಿತ್ರಗಳನ್ನು ಮರಳಿ ತರುವುದು ನಮ್ಮ ಕೈಯಲ್ಲಿಲ್ಲ. ಹೆಸರನ್ನು ಮರಳಿ ಕೊಡುವುದು ಕೈಯಲ್ಲಿದೆ. ಇನ್ನು ಮುಂದೆ ಸಿನೆಮಾ ಚರಿತ್ರೆಯ ಪುಸ್ತಕಗಳಲ್ಲಿ, ಶಾಲೆಯ ಪಾಠಗಳಲ್ಲಿ ಸುಲೋಚನಾ ಎಂದು ಬರೆಯುವಾಗ ಪಕ್ಕದಲ್ಲೇ ರೂಬಿ ಮಾಯರ್ಸ್ ಎಂದೂ ಬರೆಯೋಣ. ಪುಣೆಯ ಆ ಯಹೂದಿ ಹುಡುಗಿಗೆ ಈ ದೇಶ ಇಟ್ಟುಕೊಂಡಿರುವ ಸಾಲದಲ್ಲಿ ಅಷ್ಟಾದರೂ ತೀರಲಿ.